ಎಡಗೈ ಗ್ಲೌಸ್

ಮಾರ್ಚ್ 3, ಸೋಮವಾರ

ಬೆಳಿಗ್ಗೆ, ತೀರಾ ಎತ್ತರದಲ್ಲಿ ಹಾರುವವರು ತೊಡುವ ಮೂರು ಸೂಟ್‌ಗಳಿಗೆ ಗಾಳಿ ತುಂಬಿಸಿ ನೋಡಿದ್ದಾಯ್ತು. ಸೋರಿಕೆ ಇಲ್ಲ. ನಾಲ್ಕನೆಯದು ತಮ್ಮನದು — ಮುಟ್ಟಲಿಲ್ಲ. ಮತ್ತೆ ಹಾರ್ತಾನಂತೆ!

ಕಳೆದ ಚಳಿಗಾಲದಲ್ಲಿ ಒಂದು ಟ್ರೈನಿಂಗ್ ಹಾರಾಟ. ಬೇಹು ವಿಮಾನ, ಸದ್ದಿಗಿಂತ ಮೂರು ಪಟ್ಟು ವೇಗ. ಒಂದು ಎಂಜಿನ್ ಕೈಕೊಟ್ಟಿತು, ವಿಮಾನ ಆಕಾಶದಲ್ಲೇ ಚೂರಾಯಿತು. ಮುಂದಿನ ಸೀಟಿನಲ್ಲಿ ನಮ್ಮ ಯಜಮಾನರು. ಹಿಂದೆ ಕ್ಯಾಮೆರಾ ನೋಡಿಕೊಳ್ಳುವ ತಮ್ಮ. ಇಬ್ಬರ ಸೂಟೂ ಉಬ್ಬಿ ಮೈ ಕಾಪಾಡಿತು, ಅದು ನನ್ನ ಕೆಲಸ, ಸರಿಯಾಗೇ ಮಾಡಿದ್ದೆ. ತಮ್ಮ ಪ್ಯಾರಾಚೂಟಿನಲ್ಲಿ ಇಳಿದ. ಇವರ ಕುತ್ತಿಗೆ ಮುರಿದಿತ್ತು. ಅದಕ್ಕೆ ಯಾವ ಸೂಟೂ ಇಲ್ಲ.

ಸಂಜೆ ಮನೆಗೆ ಬಂದ. ಬಾಗಿಲಲ್ಲೇ ತಡೆದೆ.

"ಹಾರೋದಾದ್ರೆ ಈ ಮೆಟ್ಟಿಲು ಹತ್ತಬೇಡ."

"ಭಾವ ಇದ್ದಿದ್ರೆ ಹೋಗು ಅಂತಿದ್ರು ಅಕ್ಕಾ."

"ಭಾವ ಇಲ್ವಲ್ಲೋ!"

ಹೊರಟೇ ಹೋದ. ಅವನಿಗೂ ಟೀ ಮಾಡಿದ್ದೆ. ಎರಡು ಲೋಟನೂ ನಾನೇ ಕುಡಿದೆ.

ಮಾರ್ಚ್ 4

ದೊಡ್ಡ ಸಾಹೇಬರ ಹತ್ತಿರ ಕೂಗಾಡಿದೆ. ಕಳಿಸಬೇಡಿ ಅಂತ. "ಡಾಕ್ಟ್ರು ಫಿಟ್ ಅಂದಿದ್ದಾರಲ್ಲಮ್ಮಾ..." ಅಂದರು. ಇಡೀ ಆಫೀಸು ಕೇಳಿಸಿಕೊಂಡಿತು. ಕೇಳಿಸಿಕೊಳ್ಳಲಿ.

ಮಾರ್ಚ್ 11, ಮಧ್ಯಾಹ್ನ

ಸೂಟ್ ಪರೀಕ್ಷೆಗೆ ತಮ್ಮನ ಸರದಿ. ಸೂಟ್ ತೊಟ್ಟು ಕುರ್ಚಿಯಲ್ಲಿ ಕೂತ. ಗಾಳಿ ತುಂಬಿಸಿದೆ. ಒತ್ತಡ ನಿಲ್ಲಲಿಲ್ಲ. ಎಡಗೈ ಗ್ಲೌಸ್, ಹೆಬ್ಬೆರಳ ಬುಡದಲ್ಲಿ ಸೋರಿಕೆ.

ಹೇಳಿದೆ. ಯಾರಿಗೂ ನಂಬಿಕೆ ಬರಲಿಲ್ಲ. ಸಾಹೇಬರು ನೆಲ ನೋಡಿದರು.

"ಕಥೆ ಕಟ್ಬೇಡ ಅಕ್ಕಾ," ಅಂದ ತಮ್ಮ.

ಮೈಯೆಲ್ಲಾ ಉರಿದುಹೋಯಿತು. ಸೋಪಿನ ನೀರು ಹಚ್ಚಿದೆ. ಬುಳಬುಳ ಗುಳ್ಳೆ ಎದ್ದವು. "ನೋಡಪ್ಪಾ, ನನ್ನ ಕಥೆ!"

ಹೊಸ ಗ್ಲೌಸ್ ಬರೋಕೆ ತಿಂಗಳುಗಟ್ಟಲೆ. ಈ ಬ್ಯಾಚ್ ತಪ್ಪಿದರೆ ಅವನಿಗೆ ಆ ಸೀಟು ಮತ್ತೆ ಸಿಗಲ್ಲ. ಖುಷಿಯಾಯಿತು. ಸುಳ್ಳೇಕೆ, ಕುಣಿಯುವಷ್ಟು ಖುಷಿ.

ಮಾರ್ಚ್ 12

ಅವನ ಅಳತೆಯ ಎಡಗೈ ಗ್ಲೌಸ್ ಇನ್ನೊಂದಿದೆ. ಯಜಮಾನರ ಸ್ಪೇರ್. ನನ್ನ ಬೀರುವಿನಲ್ಲೇ, ಕೆಳಗಿನ ಖಾನೆ. ಭಾವ, ಭಾವಮೈದುನ ಇಬ್ಬರದೂ ಒಂದೇ ಕೈ ಅಂತ ನಗುತ್ತಿದ್ದೆವು. ಅದು ಅಲ್ಲಿರೋದು ನನಗೊಬ್ಬಳಿಗೇ ಗೊತ್ತು.

ಸುಮ್ಮನಿದ್ದರಾಯಿತು...

ಮಾರ್ಚ್ 16, ಭಾನುವಾರ

ತಮ್ಮ ಬಂದ. ಮೆಟ್ಟಿಲ ಕೆಳಗೇ ನಿಂತ, ಪೆದ್ದ. ನಾನೇ ಹತ್ತಬೇಡ ಅಂದಿದ್ದೆನಲ್ಲ.

"ಬೈಯೋಕೆ ಬಂದ್ಯೇನೋ?"

"ಇಲ್ಲ. ಕಥೆ ಅಂದದ್ದು ತಪ್ಪಾಯ್ತು ಅನ್ನೋಕೆ." ಆಮೇಲೆ ಮೆಲ್ಲಗೆ, "ಕಣ್ಣು ಮುಚ್ಚಿದ್ರೆ ಸಾಕು ಅಕ್ಕಾ, ಬೀಳ್ತಾನೇ ಇರ್ತೀನಿ. ಒಂದೇ ಒಂದು ಸಲ ವಿಮಾನದಲ್ಲೇ, ಚಕ್ರದ ಮೇಲೆ ಇಳಿಬೇಕು. ಅಷ್ಟೇ."

ಒಳಗೆ ಕರೆದೆ. ಟೀ ಕೊಟ್ಟೆ. ಗ್ಲೌಸಿನ ಮಾತೆತ್ತಲಿಲ್ಲ. ಅವನು ಹೋದ ಮೇಲೆ ಬಹಳ ಅತ್ತೆ.

ಮಾರ್ಚ್ 17

ಬೀರು ತೆಗೆದೆ. ಗ್ಲೌಸ್ ಒಯ್ದೆ. ಮತ್ತೆ ಮತ್ತೆ ಗಾಳಿ ತುಂಬಿಸಿ ನೋಡಿದೆ. ಒಂಚೂರೂ ಸೋರಲಿಲ್ಲ.

ಸಾಹೇಬರು, "ಯೋಚನೆ ಮಾಡಿದ್ದೀಯೇನಮ್ಮಾ?" ಅಂದರು.

"ಮಾಡಿದ್ದೀನಿ ಸಾರ್. ಅವನು ಹೋಗೋದಾದ್ರೆ ನಾನೇ ಕಳಿಸ್ತೀನಿ. ಬೇರೆ ಯಾರೂ ಅವನ ಸೂಟ್ ಮುಟ್ಟಕೂಡದು."

ಮಾರ್ಚ್ 20

ಕಳಿಸಿದೆ. ಹೆಲ್ಮೆಟ್ ನಾನೇ ಬಿಗಿದೆ. ಎಡಗೈ ಗ್ಲೌಸ್ ಇನ್ನೊಮ್ಮೆ ಎಳೆದು ನೋಡಿದೆ. ಗಾಜಿನೊಳಗಿಂದ ಏನೋ ಅಂದ. ಕೇಳಿಸಲಿಲ್ಲ. ಹೂಂ ಅಂತ ತಲೆಯಾಡಿಸಿದೆ.

ಮಧ್ಯಾಹ್ನ ಇಳಿದ. ಚಕ್ರದ ಮೇಲೆ. ಸೂಟ್ ಬಿಚ್ಚಿಕೊಟ್ಟು ಮಗುವಿನ ಹಾಗೆ ನಕ್ಕು, ಊಟಕ್ಕೆ ಓಡಿದ.

ನಾನೊಬ್ಬಳೇ ಉಳಿದೆ. ಗ್ಲೌಸ್ ಒಣಗಿಸೋಣ ಅಂತ ಇವರ ಆ ಎಡಗೈಯದರೊಳಗೆ ಬೆರಳು ತೂರಿಸಿದೆ. ಬೆವರಿಗೆ ಒದ್ದೆಯಾಗಿತ್ತು. ಇನ್ನೂ ಬೆಚ್ಚಗೆ —