ಅಪ್ಪನ ಪಿಕಪ್ಪಿನ ಹೊಸ ಚಕ್ರಗಳು

ಟೊಯ್ವೊಲಾ, ಮಿಷಿಗನ್
ಏಪ್ರಿಲ್ 22

ಪ್ರೀತಿಯ ರೋಡ್ನಿ,

ಹೇಗಿದ್ದೀಯಪ್ಪ? ಬೆನ್ನುನೋವು ಕಡಿಮೆಯಾಯಿತೇ? ಅದಕ್ಕಿಂತ ಮುಖ್ಯವಾಗಿ, ನಿನ್ನ ಗಾಡಿಯ ಟೈರುಗಳು ಕ್ಷೇಮವೇ? ಜನವರಿಯಲ್ಲಿ ಅಪ್ಪ ಹೋದ ಸುದ್ದಿ ಹೇಳಿದಾಗ, ದಾರಿತುಂಬ ಹಿಮ, ಗಾಡಿ ಬರಲಾರದು ಎಂದೆಯಲ್ಲ, ಅಂದಿನಿಂದ ನನಗೆ ಅವುಗಳದ್ದೇ ಚಿಂತೆ. ನಾನು ಚೆನ್ನಾಗಿದ್ದೇನೆ. ನಿಮ್ಮಪ್ಪ ಇನ್ನೂ ಸ್ಮಶಾನದ ಕಲ್ಲುಕೋಣೆಯಲ್ಲೇ ಇದ್ದಾರೆ, ಪೆಟ್ಟಿಗೆಯೊಳಗೆ, ಹೆಪ್ಪುಗಟ್ಟಿದ ನೆಲ ಕರಗುವುದನ್ನು ಕಾಯುತ್ತ. ನಮ್ಮೂರಲ್ಲಿ ಚಳಿಗಾಲದಲ್ಲಿ ಸಾಯುವವರಿಗೆ ತಾಳ್ಮೆ ಬೇಕು. ಬದುಕಿದ್ದಾಗ ಇಲ್ಲದ ತಾಳ್ಮೆಯನ್ನು ಅವರು ಈಗ ಚೆನ್ನಾಗಿ ರೂಢಿಸಿಕೊಂಡಿದ್ದಾರೆ. ಮೇ ಹದಿನೇಳು, ಶನಿವಾರ, ಮಣ್ಣು ಮಾಡುವುದೆಂದು ನಿಗದಿಯಾಗಿದೆ.

ಎರಡು ವರ್ಷದ ಹಿಂದೆ ಇದೇ ಅಡುಗೆಮನೆಯ ಮೇಜಿನ ಮೇಲೆ ಕ್ಯಾಟಲಾಗು ಹರಡಿಕೊಂಡು ನೀನೂ ಅಪ್ಪನೂ ಅವರ ಪಿಕಪ್ಪಿಗೆ ಚಕ್ರ ಆರಿಸಿದ್ದು ನೆನಪಿದೆಯೇ? ಮದುವೆಯಾಗುವಾಗಲೂ ನೀನು ಅಷ್ಟು ಹೊತ್ತು ಯೋಚಿಸಿದವನಲ್ಲ. ಅಪ್ಪನಿಗೆ ಬೇಕಿದ್ದದ್ದು ಕಾಡಿನ ದಾರಿಗೆ ಒಗ್ಗುವ ಸಾದಾ ಕಬ್ಬಿಣದ ಚಕ್ರ, ಒಂದಿಷ್ಟು ಗಟ್ಟಿ ಟೈರು. ನೀನು ತೋರಿಸಿದ್ದು ಬಾಗಿಲಿಗಿಂತ ಹೊರಗೆ ಚಾಚುವ ಕಪ್ಪು ಚಕ್ರ, ಮೂವತ್ತೈದಿಂಚಿನ ಟೈರು. ಅದು ಹಿಡಿಸಬೇಕೆಂದರೆ ಗಾಡಿಯನ್ನೇ ಮೇಲಕ್ಕೆತ್ತಬೇಕು. "ಹತ್ತೋಕೆ ಏಣಿ ಅಂಗಡಿಯವರೇ ಕೊಡ್ತಾರೋ, ನಾವೇ ತರಬೇಕೋ?" ಎಂದರು ಅಪ್ಪ. "ಸುಮ್ನಿರಪ್ಪ, ಇದು ಹಾಕಿದ್ರೆ ಎಂಥ ಹಿಮದಲ್ಲೂ ಗಾಡಿ ನಿಲ್ಲಲ್ಲ" ಎಂದೆ. ನಿನ್ನ ಗಾಡಿಗೂ ಅಂಥದ್ದೇ ತರಿಸಿಕೊಂಡೆ. ನೀನು ಬಂದು ಕೊಟ್ಟಿಗೆಯಲ್ಲಿ ಮಲಗಿ, ಎಣ್ಣೆ ಬಳಿದುಕೊಂಡು, ಅಪ್ಪನ ಕೈಯಿಂದ ಬೈಸಿಕೊಂಡು ಅದನ್ನೆಲ್ಲ ಜೋಡಿಸಿದೆ. ಅವರು ಒಪ್ಪಿದ್ದು ಚಕ್ರದ ಆಸೆಗಲ್ಲ ಮಗನೇ. "ಜೋಡಿಸೋಕಾದ್ರೂ ಬರ್ತಾನಲ್ಲೇ" ಎಂದು ರಾತ್ರಿ ನನಗೆ ಹೇಳಿದರು.

ಆಮೇಲೆ ಅಪ್ಪ, ಸೌನಾದ ಉಗಿಯಲ್ಲಿ ಬೆವರಲು ಕೂರುವ ಮಣೆಗೆ ಹಗ್ಗ ಕಟ್ಟಿಕೊಂಡರು. ಮಣೆ ಮೇಲೆ ನಿಂತು ಗಾಡಿ ಹತ್ತುವುದು, ಹಗ್ಗ ಎಳೆದು ಮಣೆಯನ್ನು ಒಳಗೆ ತೆಗೆದುಕೊಳ್ಳುವುದು. ಬಾವಿಯಿಂದ ನೀರು ಸೇದಿದಂತೆ. ಚರ್ಚಿನ ಮುಂದೆ ಹಾಗೇ ಮಣೆ ಇಳಿಬಿಟ್ಟು ಇಳಿದಾಗ ಜನ ನಗುತ್ತಿದ್ದರು. "ನನ್ ಮಗ ಆರಿಸಿದ್ದು" ಎಂದು ಇವರು ಎದೆಯುಬ್ಬಿಸಿ ಹೇಳುತ್ತಿದ್ದರು.

ಈಗ ವಿಷಯಕ್ಕೆ ಬರುತ್ತೇನೆ. ತಮ್ಮ ಕೊನೆಯ ಪ್ರಯಾಣ ತಮ್ಮ ಪಿಕಪ್ಪಿನಲ್ಲೇ ಆಗಬೇಕೆಂಬ ಅವರ ಆಸೆ ನಿನಗೂ ಗೊತ್ತು. "ಹೆಣ ಒಯ್ಯೋ ಆ ಉದ್ದನೆ ಕರಿ ಕಾರು ಬೇಡ. ಅದ್ರಲ್ಲಿ ಮಲಗಿ ಹೋದೋರು ಯಾರೂ ವಾಪಸ್ ಬಂದಿಲ್ಲ" ಎನ್ನುತ್ತಿದ್ದರು. ಹಾಗಾಗಿ ಕಳೆದ ಭಾನುವಾರ ನಿಮ್ಮ ಚಿಕ್ಕಪ್ಪ ರುಡಿ, ಬೇಟೆಯ ಬಿಡಾರದ ಐದು ಮುದುಕರನ್ನು ಕರೆದುಕೊಂಡು ಅಂಗಳದಲ್ಲಿ ಪೆಟ್ಟಿಗೆ ಏರಿಸುವ ತಾಲೀಮು ನಡೆಸಿದ. ಪೆಟ್ಟಿಗೆಯ ಬದಲು ಹಳೆಯ ಬಾಗಿಲು, ಅಪ್ಪನ ಬದಲು ಉಪ್ಪಿನ ಮೂಟೆಗಳು. ಎದೆಮಟ್ಟದವರೆಗೆ ಎಲ್ಲರೂ ವೀರರೇ. ಅಲ್ಲಿಂದ ಮೇಲೆ, ಪಿಕಪ್ಪಿನ ಹಿಂಬದಿಗೆ ಏರಿಸುವಾಗ, ರುಡಿಯ ಸೊಂಟ ಹಿಡಿಯಿತು, ಬಾಗಿಲು ವಾಲಿತು, ಅಪ್ಪ ಮೂಟೆಮೂಟೆಯಾಗಿ ಕೆಸರಿಗುರುಳಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಒಳಗೆ ಹೋಗಿ ಕಾಫಿಗಿಟ್ಟು, ಅಲ್ಲೇ ಬಹಳ ಹೊತ್ತು ನಿಂತಿದ್ದೆ.

ಹೊಟ್ಟೆತುಂಬ ಉಣ್ಣು, ಬೆನ್ನಿಗೆ ಶಾಖ ಕೊಡು, ದೇವರು ನಿನ್ನನ್ನೂ ನಿನ್ನ ನಾಲ್ಕು ಟೈರನ್ನೂ ಕಾಪಾಡಲಿ.

ನಿನ್ನ ಅಮ್ಮ,
ಸೈಮಾ

ತಾ.ಕ.: ಅಂಚೆಯವನ ಗಾಡಿ ತಿರುವಿಗೆ ಬಂತು, ಬೇಗ ಬರೆಯುತ್ತೇನೆ. ಹಳೆಯ ಚಕ್ರಗಳು ಸೌನಾದ ಹಿಂದೆ ಇವೆ. ಅಕ್ಟೋಬರಿನಲ್ಲಿ ಅಪ್ಪನೇ ಗಾಳಿ ತುಂಬಿ ಮುಚ್ಚಿಟ್ಟದ್ದು. ಪೇಟೆಯಿಂದ ಯಾರನ್ನಾದರೂ ಕರೆಸಿ, ಅವನ್ನು ಹಾಕಿಸಿ ಗಾಡಿ ತಗ್ಗಿಸೋಣ ಎಂದ ರುಡಿ. ಬೇಡ ಎಂದೆ. ಎತ್ತಿದವನೇ ಬಂದು ಇಳಿಸಲಿ. ನೀನು ಬರದಿದ್ದರೆ ಆ ಕರಿ ಕಾರಿಗೆ ಹೇಳಿಬಿಡುತ್ತೇನೆ. ದಾರಿಯಲ್ಲಿ ಈಗ ಹಿಮ ಇಲ್ಲ.