ಎಡಕ್ಕೆ ಸುತ್ತಿದ ಬಾಲ

ಫೊನಿಗೆ,

ನೀನು ನಮ್ಮೂರು ಕೊರೋಗೊ ಬಿಟ್ಟು ಒಂಬತ್ತು ವರ್ಷವಾಯಿತು. ಎಲ್ಲಿದ್ದೀಯೋ ಗೊತ್ತಿಲ್ಲ, ಆದರೂ ಬರೆಯುತ್ತಿದ್ದೇನೆ.

ಇವತ್ತು ಸಂತೆಗೆ ಬಂದಿದ್ದ ನಿನ್ನ ಅಮ್ಮ ನನ್ನ ಅಂಗಡಿಯ ಮುಂದೆ ನಿಂತುಬಿಟ್ಟರು. ನಾನು ಹೊಸದಾಗಿ ಚಿತ್ರ ಬರೆದ ಹತ್ತಿಬಟ್ಟೆಗಳನ್ನು ಹಗ್ಗಕ್ಕೆ ತೂಗುಹಾಕಿದ್ದೆ. ಅವುಗಳಲ್ಲೊಂದರ ಮೇಲಿದ್ದ ಮೊಸಳೆಯನ್ನು ಅವರು ಮುಟ್ಟಿದರು. ಬರೆಯಲು ಬಳಸಿದ ಕೆಸರಿನ ಕಪ್ಪು ಬಣ್ಣ ಇನ್ನೂ ಪೂರ್ತಿ ಒಣಗಿರಲಿಲ್ಲ.

"ಬಾಲ ಹಿಂಗೆ ಎಡಕ್ಕೆ ಸುತ್ತೋನು ನನ್ನ ಮಗ ಒಬ್ನೇ. ಯಾವಾಗ ಬಂದ? ಹೆತ್ತವಳ ಮನೆ ದಾರಿ ಮರೆತು ಸೀದಾ ನಿನ್ನ ಹತ್ರ ಬಂದ್ನಾ, ಕಳ್ಳ?" ಎಂದು ನಗುತ್ತಾ ನನ್ನ ಬೆನ್ನ ಹಿಂದೆ ಇಣುಕಿದರು.

"ಅವನು ಬಂದಿಲ್ಲಮ್ಮ. ನಾನೇ ಬರೆದಿದ್ದು."

ಅವರು ಬೆರಳಿಗಂಟಿದ ಕಪ್ಪನ್ನು ಮೆಲ್ಲಗೆ ಒರೆಸಿಕೊಂಡರು. "ಚೆನ್ನಾಗೇ ಕಲ್ತಿದ್ದೀಯ ಬಿಡು" ಎಂದರು. ಆ ಬಟ್ಟೆಯನ್ನು ಮಡಿಸಿ ಕೊಡಲು ಹೋದರೆ ಬೇಡವೆಂದರು. "ಅವನೇ ಬರೆದದ್ದು ಒಂದಾದ್ರೂ ಉಳಿದಿದ್ರೆ ಕೊಡಪ್ಪ, ಗೋಡೆಗೆ ಹಾಕ್ಕೋತೀನಿ."

"ಒಂದೂ ಉಳಿದಿಲ್ಲಮ್ಮ" ಎಂದೆ.

ಯಾಕೆ ಉಳಿಯಲಿಲ್ಲ ಎಂದು ಅವರು ಕೇಳಲಿಲ್ಲ. ನನ್ನೊಡನೆ ಜಗಳವಾಡಿ ನೀನು ಹೊರಟ ದಿನ, ನೀನು ಬರೆದದ್ದನ್ನೆಲ್ಲ ಬಣ್ಣ ಕುದಿಸುವ ಒಲೆಗೆ ಹಾಕಿದವನು ನಾನೇ ಎಂದು ನಾನೂ ಹೇಳಲಿಲ್ಲ. ಅವರ ಬುಟ್ಟಿಯನ್ನು ತಲೆಗೆ ಎತ್ತಿಕೊಟ್ಟು ಕಳಿಸಿದೆ.