ಆಚೆ ದಡದ ಸಹಿಗಳು

ಹವೀಝೆ ಜೌಗು, ಈಚೆ ದಡ

ಪ್ರೀತಿಯ ಮುಹೈಸಿನ್ ಮಾವನಿಗೆ ಸಲಾಂ.

ಗಡಿಯ ಒಡ್ಡು ತೆರೆದು ನೀರು ಬಿಡಿ, ಮೀನು, ನೀರುನಾಯಿ, ಹಕ್ಕಿ ಎಲ್ಲ ಸಾಯುತ್ತಿವೆ ಎಂದು ಎರಡೂ ದೇಶದ ನಾವು ಬರೆದ ಅರ್ಜಿಯನ್ನು ನನ್ನ ಗಂಡ ಜಾಸಿಬ್ ರಾಜಧಾನಿಗೆ ಒಯ್ದಿದ್ದರಲ್ಲ, ಅವರು ಮರಳಿಲ್ಲ. ಆಚೆ ದಡದ ನಿಮ್ಮವರ ಸಹಿಯ ಹಾಳೆಯನ್ನು ಮಾತ್ರ, ಮೊದಲು ಗಾಳಿ ಎತ್ತ ಬೀಸುತ್ತೆ ನೋಡೋಣ ಎಂದು, ಮನೆಯಲ್ಲೇ ಬಿಟ್ಟಿದ್ದರು.

ಮಂಗಳವಾರ ಒಬ್ಬ ಅಧಿಕಾರಿ ಬಂದ. ಚಹಾ ಕೊಟ್ಟೆ.

“ಆಚೆ ಕಡೆಯವರ ಹೆಸರು ಹೇಳಮ್ಮ. ನಾಳೆನೇ ನಿನ್ನ ಗಂಡನ್ನ ಕಳಿಸ್ತೀವಿ.”

“ನೀರಲ್ಲಿ ಹುಟ್ಟಿದವರು ಸಾಹೇಬ್ರೆ, ಆಚೆ ಯಾವುದು ಈಚೆ ಯಾವುದು ನಮಗೇನು ಗೊತ್ತು?”

“ನೀರೆಲ್ಲಿದೆಯಮ್ಮ ಈಗ?” ಎಂದು ನಕ್ಕ.

ಹಾಳೆ ಹಿಟ್ಟಿನ ಡಬ್ಬದಲ್ಲಿತ್ತು. ಅವನು ಹೋದ ಮೇಲೆ ಅದನ್ನು ರೊಟ್ಟಿ ಸುಡುವ ಒಲೆಗೆ ಹಾಕಿದೆ. ಜಾಸಿಬ್ ಮನೆಗೆ ಬರುವ ದಾರಿಯೂ ಅದರ ಜೊತೆಗೇ ಉರಿಯಿತು.

ಶನಿವಾರ ಹೊಸ ಅರ್ಜಿ ಹಿಡಿದು ನಾನೇ ಹೊರಡುತ್ತೇನೆ. ಈ ಸಲ ನಮ್ಮ ದಡದವರ ಸಹಿ ಸಾಕು. ನಿಮ್ಮವರನ್ನು ಮತ್ತೆ ಕೇಳಲಾರೆ. ಅತ್ತೆಯ ಕೆಮ್ಮಿಗೆ ಔಷಧಿ ಕಳಿಸಿದ್ದೇನೆ, ಕಾಯಿಸಿದ ಹಾಲಲ್ಲಿ ಕೊಡಿ.

ನಾನೂ ಮರಳದಿದ್ದರೆ ಹುಡುಕಿಕೊಂಡು ಬರಬೇಡಿ. ಬಂದರೆ ಆ ಅಧಿಕಾರಿಗೆ ಬೇಕಾದ ಹೆಸರನ್ನು ನೀವೇ ಕೊಟ್ಟಂತಾಗುತ್ತದೆ.

ನಿಮ್ಮ ತಂಗಿಯ ಮಗಳು,
ನಶ್ಮಿಯಾ